ಧರ್ಮಪ್ಪನವರ ಡೈರಿಯ ಷರಾ ಕಾಲಂ

ಕೋವಿಡ್ ಗಲಾಟೆ ಅಡಗಿ ಎರಡನೆಯ ವರ್ಷ. ಆಗ ನಾನು ಹಾಸನದ ಒಂದು ಖಾಸಗಿ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್ ಆಗಿದ್ದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ತಪ್ಪು ಮಾಡಿದ್ದು ಕಟ್ಟಡವಲ್ಲ, ನಾನು. ಇಪ್ಪತ್ತಮೂರು ವರ್ಷ ವಾರ್ಡುಗಳಲ್ಲಿ ಸ್ಟಾಫ್ ನರ್ಸ್ ಆಗಿ ಓಡಾಡಿ, ಮಂಡಿ ಸವೆದ ಮೇಲೆ ಈ ಕುರ್ಚಿ ಕೆಲಸಕ್ಕೆ ಬಂದಿದ್ದೆ. ಹುಟ್ಟಿದ್ದು ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯಲ್ಲಿ. ನನ್ನನ್ನು ಈ ಕೆಲಸಕ್ಕೆ ಆರಿಸಿದ ಡಾಕ್ಟರ್ ನಾಗೇಂದ್ರ ಬೆಂಗಳೂರಿನವರು. "ವಿಶಾಲಾಕ್ಷಿ, ನೀವು ಲೋಕಲ್. ಈ ಕಡೆ ಜನರ ಮಾತು, ಮನೆ, ಊಟ ನಿಮಗೆ ಗೊತ್ತು. ಅದಕ್ಕೇ ನೀವು ಬೇಕು" ಅಂದಿದ್ದರು. ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ ಅನ್ನುವುದನ್ನು ನೆನೆಸಿಕೊಂಡರೆ ಇವತ್ತು ಮೈ ಉರಿಯುತ್ತದೆ.

ಟ್ರಯಲ್ ಅಂದರೆ ಹೊಸ ಔಷಧಿಯ ಪರೀಕ್ಷೆ. ನಮ್ಮಲ್ಲಿ ನಡೆಯುತ್ತಿದ್ದದ್ದು ಮುಂದುವರಿದ ಶ್ವಾಸಕೋಶದ ಕ್ಯಾನ್ಸರಿಗೆ, ಅಂದರೆ ಮೊದಲ ಸುತ್ತಿನ ಚಿಕಿತ್ಸೆ ಕೈಕೊಟ್ಟವರಿಗೆ. ಹೊಸದು ಒಂದು ಔಷಧಿಯಲ್ಲ, ಎರಡರ ಜೋಡಿ. ಒಂದು, ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ಇಂಜೆಕ್ಷನ್. ಅದು ದೇಹದ ರಕ್ಷಣಾ ಕಣಗಳನ್ನು ಗಡ್ಡೆಯ ಮೇಲೆ ಎಬ್ಬಿಸುತ್ತದೆ. ಇನ್ನೊಂದು ದಿನಕ್ಕೆ ಮೂರರಂತೆ ನುಂಗುವ ಮಾತ್ರೆ. ಗಡ್ಡೆ ತನಗಾಗಿ ಬೆಳೆಸಿಕೊಳ್ಳುವ ರಕ್ತನಾಳಗಳನ್ನು ಅದು ತಡೆಯುತ್ತದೆ. ಅರ್ಧ ಜನಕ್ಕೆ ಈ ಜೋಡಿ, ಇನ್ನರ್ಧಕ್ಕೆ ಹಳೆಯ ಕಿಮೋ. ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರೂ ತೀರ್ಮಾನಿಸುವಂತಿಲ್ಲ, ಕಂಪ್ಯೂಟರ್ ಚೀಟಿ ಎತ್ತುತ್ತದೆ. ಎಲ್ಲಕ್ಕೂ ಒಂದು ದಪ್ಪ ನಿಯಮಾವಳಿ ಇರುತ್ತದೆ, ಅದಕ್ಕೆ ಪ್ರೋಟೋಕಾಲ್ ಅನ್ನುತ್ತಾರೆ. ಆ ಮಾತ್ರೆಯ ದೊಡ್ಡ ಅಪಾಯವೆಂದರೆ ರಕ್ತಸ್ರಾವ. ಗಂಭೀರ ರಕ್ತಸ್ರಾವವಾದರೆ ಮಾತ್ರೆಯನ್ನು ಕಾಯಂ ಆಗಿ ನಿಲ್ಲಿಸಬೇಕು, ಮತ್ತೆ ಕೊಡುವಂತಿಲ್ಲ ಎಂದು ಪ್ರೋಟೋಕಾಲಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ನಮ್ಮ ಸೆಂಟರಿನ ಏಳನೆಯ ರೋಗಿ ಧರ್ಮಪ್ಪ. ವಯಸ್ಸು ಐವತ್ತಾರು. ಸಕಲೇಶಪುರ ತಾಲ್ಲೂಕಿನ ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಎಸ್ಟೇಟಿನಲ್ಲಿ ರೈಟರ್ ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಯಾರು ಯಾವ ಕೆಲಸಕ್ಕೆ ಎಂದು ಹಂಚುವುದು, ಮಳೆ ಅಳೆಯುವುದು, ಎಲ್ಲವನ್ನೂ ಪುಸ್ತಕಕ್ಕೆ ಏರಿಸುವುದು. ಮೂವತ್ತೊಂದು ವರ್ಷ ಅದೇ ಕೆಲಸ. ಮೊದಲ ದಿನ ಬಂದಾಗ ಅವರ ದನಿ ಕೇಳಿಸಲೇ ಇಲ್ಲ. ಎಡ ಶ್ವಾಸಕೋಶದ ಗಡ್ಡೆ 6.2 ಸೆಂಟಿಮೀಟರ್, ಅದು ದನಿಪೆಟ್ಟಿಗೆಗೆ ಹೋಗುವ ನರವನ್ನು ಒತ್ತಿಬಿಟ್ಟಿತ್ತು. ಗಂಟಲಿನಿಂದ ಬರುತ್ತಿದ್ದದ್ದು ಬರೀ ಗಾಳಿ. ಹೆಂಡತಿ ಕಾವೇರಮ್ಮ ಪಕ್ಕದಲ್ಲಿ ನಿಂತು ಅವರ ಮಾತನ್ನು ನಮಗೆ ದಾಟಿಸುತ್ತಿದ್ದರು.

ಡಾಕ್ಟರ್ ಎಲ್ಲ ವಿವರಿಸಿದರು. ಇದು ವಾಸಿ ಮಾಡುವ ಔಷಧಿಯಲ್ಲ, ಫಲಿಸಿದರೆ ಕೆಲವು ತಿಂಗಳು, ಅದೃಷ್ಟವಿದ್ದರೆ ಇನ್ನೂ ಹೆಚ್ಚು ಎಂದರು. ಧರ್ಮಪ್ಪ ಒಪ್ಪಿಗೆ ಪತ್ರದ ಹದಿನೆಂಟು ಪುಟಗಳನ್ನೂ ಓದಿದರು. ನನ್ನ ಅನುಭವದಲ್ಲಿ ಪೂರ್ತಿ ಓದಿದ ರೋಗಿ ಅವರೊಬ್ಬರೇ. ಒಂದು ಕಡೆ ಒತ್ತಕ್ಷರ ತಪ್ಪಿದ್ದನ್ನೂ ತೋರಿಸಿದರು. ಆಮೇಲೆ ಗಾಳಿಯ ದನಿಯಲ್ಲಿ ಏನೋ ಕೇಳಿದರು. ಕಾವೇರಮ್ಮ ಹೇಳಿದರು: "ದನಿ ಬತ್ತದಾ ಅಂತ ಕೇಳ್ತಾವ್ರೆ ಸಿಸ್ಟರ್. ಹಾಜರಿ ಕೂಗಕ್ಕಾಗ್ದೆ ಮೂರು ತಿಂಗ್ಳಾಯ್ತು. ಈಗ ಪುಸ್ತಕ ಬರಿಯಾದು ಇವ್ರು, ಹೆಸ್ರು ಕೂಗಾದು ಬ್ಯಾರೆಯೋರು. ಅದೇ ಒಂದು ಕೊರಗು."

ಬದುಕಿನ ಬಗ್ಗೆ ಕೇಳಲಿಲ್ಲ, ದನಿಯ ಬಗ್ಗೆ ಕೇಳಿದರು. ಡಾಕ್ಟರ್ ನಾಗೇಂದ್ರ ಭರವಸೆ ಕೊಡುವ ಜಾತಿಯವರಲ್ಲ. "ಗಡ್ಡೆ ಸಣ್ಣದಾದರೆ ಬರಬಹುದು" ಎಂದಷ್ಟೇ ಹೇಳಿದರು. ಕಂಪ್ಯೂಟರ್ ಚೀಟಿ ಎತ್ತಿತು. ಹೊಸ ಜೋಡಿಯೇ ಸಿಕ್ಕಿತು. ಮಾರ್ಚ್ ಎರಡನೆಯ ವಾರ ಮೊದಲ ಇಂಜೆಕ್ಷನ್ ಹಾಕಿ, ಒಂದು ಡಬ್ಬಿ ಮಾತ್ರೆ, ಒಂದು ಡೈರಿ ಕೈಗಿಟ್ಟು ಕಳಿಸಿದೆ.

ಡೈರಿಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ಎಲ್ಲ ಅದರಲ್ಲೇ ಇದೆ. ಔಷಧಿ ಕಂಪನಿಯವರು ಅಚ್ಚು ಹಾಕಿಸಿ ಕೊಡುವ ಪುಸ್ತಕ ಅದು. ತಾರೀಖು, ಮಾತ್ರೆ ನುಂಗಿದ ಹೊತ್ತು, ಎಷ್ಟು ಮಾತ್ರೆ, ಸಹಿ, ಇಷ್ಟು ಕಾಲಂ. ಕೊನೆಯಲ್ಲಿ ಒಂದು ಅಗಲದ ಕಾಲಂ, ಕನ್ನಡದಲ್ಲಿ 'ಷರಾ' ಎಂದು. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಕೆಲವರು ಡೈರಿಯನ್ನೇ ತರುವುದಿಲ್ಲ, ಇನ್ನು ಕೆಲವರು ಬಸ್ಸಿನಲ್ಲಿ ಕೂತು ಮೂರು ವಾರದ್ದನ್ನು ಒಂದೇ ಪೆನ್ನಿನಲ್ಲಿ ಗೀಚಿ ತರುತ್ತಾರೆ. ಧರ್ಮಪ್ಪನವರ ಡೈರಿ ನೋಡಿ ನನಗೆ ಕಣ್ಣು ತಂಪಾಯಿತು. ಮುತ್ತು ಪೋಣಿಸಿದ ಹಾಗೆ ಅಕ್ಷರ. ಒಂದು ಹೊತ್ತೂ ತಪ್ಪಿಲ್ಲ. ಡೈರಿ ಕೊಡುವಾಗ ಪ್ರತಿ ಸಲವೂ ಒಂದೇ ಮಾತು: "ಎಲ್ಲ ಬರ್ದೈತೆ ಮೇಡಂ, ನೋಡ್ಕಳಿ."

ಆದರೆ ಅವರು ಷರಾ ಕಾಲಮ್ಮನ್ನೂ ಬಿಡುತ್ತಿರಲಿಲ್ಲ. 'ಮಳೆ ಒಂದೂವರೆ ಇಂಚು.' 'ಹೂವು ಚೆನ್ನಾಗಿ ಕಚ್ಚಿದೆ.' 'ಆನೆ ಬಂದು ಕೆಳಗಿನ ಬೇಲಿ ಮುರಿದಿದೆ, ಆಳುಗಳು ತಡ.' 'ರಾತ್ರಿ ಅನ್ನದ ಬದಲು ರೊಟ್ಟಿ.' ಮೂವತ್ತೊಂದು ವರ್ಷ ಎಸ್ಟೇಟ್ ಪುಸ್ತಕ ಬರೆದ ಕೈ ಅದು. ಮಾಲೀಕ ಯಾವತ್ತೋ ಬಂದು ಯಾವ ಪುಟವನ್ನೋ ತಿರುವಿ ಪ್ರಶ್ನೆ ಕೇಳುತ್ತಾನೆ, ಪುಸ್ತಕದಲ್ಲಿ ಉತ್ತರವಿರಬೇಕು, ಬಾಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ರೈಟರ್ ಕೆಲಸ ಉಳಿಯುವುದೇ ಹಾಗೆ ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು. ನಾನು ನಕ್ಕಿದ್ದೆ.

ಏಪ್ರಿಲ್‌ನಲ್ಲಿ ಮಾನಿಟರ್ ಬಂದರು. ಮಾನಿಟರ್ ಅಂದರೆ ಕಂಪನಿಯ ಪರವಾಗಿ ನಮ್ಮ ಕಾಗದಪತ್ರ ತಪಾಸಣೆ ಮಾಡುವವರು. ಧರ್ಮಪ್ಪನವರ ಡೈರಿ ತಿರುವಿ ಹುಬ್ಬು ಗಂಟಿಕ್ಕಿ, 'ಅಸಂಬದ್ಧ ಬರಹಗಳಿವೆ, ರೋಗಿಗೆ ತರಬೇತಿ ಕೊಡಿ' ಎಂದು ಬರೆದು ಹೋದರು. ನಾನು ವಿಧೇಯ ಹುಡುಗಿಯ ಹಾಗೆ ತರಬೇತಿ ಕೊಟ್ಟೆ. "ಆನೆ, ಮಳೆ ಎಲ್ಲ ಯಾಕೆ ಧರ್ಮಪ್ಪನವರೇ? ಮಾತ್ರೆಯದ್ದು ಮಾತ್ರ ಬರೀರಿ ಸಾಕು." ಅವರು ತಲೆಯಾಡಿಸಿದರು. ಬರೆಯುವುದನ್ನು ಬಿಡಲಿಲ್ಲ, ಅಕ್ಷರವನ್ನು ಸಣ್ಣದು ಮಾಡಿದರು ಅಷ್ಟೆ. ನಾನು ಆ ಕಾಲಂ ಓದುವುದನ್ನೇ ಬಿಟ್ಟೆ. ಅಂಕಿ ನೋಡುವುದು, ಖಾಲಿ ಡಬ್ಬಿ ನೋಡುವುದು, ಸಹಿ ಹಾಕುವುದು. ಮುಗಿಯಿತು.

ಔಷಧಿ ಫಲಿಸಿತು. ಆರು ವಾರಕ್ಕೊಮ್ಮೆ ಸಿ.ಟಿ. ಸ್ಕ್ಯಾನ್. ಮೊದಲನೆಯದರಲ್ಲಿ ಗಡ್ಡೆ 4.8, ಜೂನ್‌ನಲ್ಲಿ ಎರಡನೆಯದರಲ್ಲಿ 3.9. ಶೇಕಡಾ ಮೂವತ್ತಕ್ಕಿಂತ ಹೆಚ್ಚು ಕುಗ್ಗಿದರೆ ನಮ್ಮ ಭಾಷೆಯಲ್ಲಿ 'ಭಾಗಶಃ ಸ್ಪಂದನೆ'. ಧರ್ಮಪ್ಪನವರದ್ದು ಆ ಗೆರೆ ದಾಟಿತ್ತು. ಆದರೆ ನನಗೆ ಅದು ತಿಳಿದದ್ದು ಸ್ಕ್ಯಾನಿನಿಂದಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ ಎಂಟು ಗಂಟೆಗೆ ನನ್ನ ಫೋನ್ ಹೊಡೆದುಕೊಂಡಿತು. ಗುರುತಿಲ್ಲದ ಗಂಡಸಿನ ದನಿ, ಸ್ವಲ್ಪ ಒರಟು, ಆದರೆ ಗಟ್ಟಿ.

"ಮೇಡಂ, ನಾನು ಧರ್ಮಪ್ಪ. ಇವತ್ತು ಹಾಜರಿ ನಾನೇ ಕೂಗ್ದೆ ಕಣ್ರೀ. ಅರವತ್ತೆಂಟು ಹೆಸ್ರು. ಕೆಳಗ್ಲ ಲೈನ್ ಮನೆ ಗಂಟ ಕೇಳ್ಸ್ತಂತೆ."

ನಾನು ಅಳುವ ಹೆಂಗಸಲ್ಲ. ಆವತ್ತು ಅತ್ತೆ. ಡಾಕ್ಟರ್ ನಾಗೇಂದ್ರ ಕೂಡ ಕನ್ನಡಕ ತೆಗೆದು ಒರೆಸಿಕೊಂಡರು. ಜುಲೈ ಕೊನೆಯ ಸ್ಕ್ಯಾನಿನಲ್ಲಿ 3.7. ಸಕಲೇಶಪುರದ ಕಡೆಯಿಂದ ಬಾಳ್ಳುಪೇಟೆ ದಾಟಿ ಬರುವ ಬಸ್ಸಿನಲ್ಲಿ ಅವರು ಒಬ್ಬರೇ ಬಂದು ಇಂಜೆಕ್ಷನ್ ಹಾಕಿಸಿಕೊಂಡು ಹೋಗುವಷ್ಟಾದರು. ನನಗೆ ಕಾಳುಮೆಣಸು ತಂದುಕೊಟ್ಟರು. ರೋಗಿಗಳಿಂದ ಏನೂ ತೆಗೆದುಕೊಳ್ಳುವಂತಿಲ್ಲ ಎಂದು ವಾಪಸ್ ಮಾಡಿದೆ. ಅದರಲ್ಲೂ ನಾನು ನಿಯಮ ಮೀರಲಿಲ್ಲ!

ಆಗಸ್ಟ್ ಮೊದಲ ವಾರದ ಬುಧವಾರ. ಬುಧವಾರ ನನ್ನ ಫೋನ್ ದಿನ. ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿ, ಇದೆ, ಇಲ್ಲ ಎಂದು ಗುರುತು ಹಾಕುವುದು. ಬೆಳಿಗ್ಗೆ ಹತ್ತೂಕಾಲಿಗೆ ಧರ್ಮಪ್ಪನವರಿಗೆ ಮಾಡಿದೆ. ಕೆಮ್ಮು? ಕಮ್ಮಿ. ಕಫದಲ್ಲಿ ರಕ್ತ? ಇಲ್ಲ. ಮೂಗಿನಲ್ಲಿ? ಇಲ್ಲ. ಹದಿನಾಲ್ಕನೆಯ ಪ್ರಶ್ನೆ ಮೂತ್ರದ ಬಣ್ಣದ್ದು.

"ಕೆಂಪಗೈತೆ ಮೇಡಂ."

ನನ್ನ ಪೆನ್ನು ನಿಂತಿತು. "ಎಷ್ಟು ಕೆಂಪು?"

"ಚೆನ್ನಾಗೇ ಕೆಂಪಗೈತೆ. ಬೆಳಿಗ್ಗಿಂದ ಎರಡು ಸಲ."

"ನೋವು, ಉರಿ?"

"ಏನಿಲ್ಲ."

"ಬೇರೆ ಯಾವುದಾದರೂ ಮಾತ್ರೆ, ಕಷಾಯ, ಪಂಡಿತರ ಔಷಧಿ ತಗೊಂಡಿರಾ?"

"ಇಲ್ಲ ಮೇಡಂ. ನೀವು ಬ್ಯಾಡ ಅಂದ್ಮೇಲೆ ಒಂದು ಶುಂಠಿ ಕಷಾಯ್ವೂ ಮುಟ್ಟಿಲ್ಲ."

"ತಕ್ಷಣ ಹೊರಟು ಬನ್ನಿ. ಅಡ್ಮಿಟ್ ಆಗಬೇಕು."

"ಇದಕ್ಕೂ ಬರ್ಬೇಕಾ ಮೇಡಂ?"

"ಬರಲೇಬೇಕು. ಪ್ರೋಟೋಕಾಲ್" ಎಂದೆ. ಆ ಪದ ಹೇಳಿದರೆ ಮುಗಿಯಿತು, ಅದರ ಮುಂದೆ ಯಾರೂ ಮಾತಾಡುವುದಿಲ್ಲ.

ಡಾಕ್ಟರ್ ನಾಗೇಂದ್ರ ಆವತ್ತು ಮೈಸೂರಿನಲ್ಲಿ ಒಂದು ಸಭೆಯಲ್ಲಿದ್ದರು. ಫೋನಿನಲ್ಲಿ ನಾನು ಹೇಳಿದ್ದನ್ನು ಕೇಳಿ, "ಅಡ್ಮಿಟ್ ಮಾಡಿ, ರಕ್ತ ನಿಲ್ಲುವ ಇಂಜೆಕ್ಷನ್ ಕೊಡಿ, ಯೂರಿನ್ ಕಳಿಸಿ" ಎಂದರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಟ್ರಯಲ್ ನಿಯಮದಲ್ಲಿ ರೋಗಿ ಯಾವುದೇ ತೊಂದರೆಗೆ ಆಸ್ಪತ್ರೆ ಸೇರಿದರೆ ಅದು 'ಗಂಭೀರ ಘಟನೆ', ಇಪ್ಪತ್ತನಾಲ್ಕು ಗಂಟೆಯೊಳಗೆ ವರದಿ ಮಾಡಬೇಕು. ನಮ್ಮ ಸೆಂಟರ್ ಒಮ್ಮೆಯೂ ತಡಮಾಡಿಲ್ಲ ಎಂಬ ಕೋಡು ನನಗೆ. ಇಪ್ಪತ್ತನಾಲ್ಕು ಗಂಟೆ ಯಾಕೆ, ಧರ್ಮಪ್ಪ ಬಸ್ಸು ಇಳಿಯುವ ಮೊದಲೇ, ಮಧ್ಯಾಹ್ನ ಒಂದು ಗಂಟೆಗೆ ವರದಿ ಕಳಿಸಿಬಿಟ್ಟೆ. 'ಮೂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತ. ಆಸ್ಪತ್ರೆ ದಾಖಲಾತಿ. ಬೇರೆ ಔಷಧಿ ಸೇವನೆ ಇಲ್ಲ.'

ಅವರು ಬಂದಾಗ ಮೂರು ಗಂಟೆ. ಸಂಚಿ ಕೊಟ್ಟರು. ಉಳಿದ ಮಾತ್ರೆ, ಡೈರಿ. "ಎಲ್ಲ ಬರ್ದೈತೆ ಮೇಡಂ, ನೋಡ್ಕಳಿ." ನನಗೆ ಪುರುಸೊತ್ತಿರಲಿಲ್ಲ. ಸಂಚಿಯನ್ನು ಹಾಗೇ ಸೀಲ್ ಮಾಡಿ ಕಪಾಟಿಗಿಟ್ಟು ಡ್ರಿಪ್ ಹಾಕಿಸಿದೆ, ಇಂಜೆಕ್ಷನ್ ಕೊಡಿಸಿದೆ. ಆಮೇಲೆ ಮೂತ್ರದ ಸ್ಯಾಂಪಲ್ ತೆಗೆದುಕೊಂಡೆ. ಯಾವುದು ಮೊದಲು ಆಗಬೇಕಿತ್ತು ಎಂದು ಓದಿದವರಿಗೆ ಈಗಾಗಲೇ ಹೊಳೆದಿರಬೇಕು.

ಗುರುವಾರ ಬೆಳಿಗ್ಗೆ ಲ್ಯಾಬಿನಿಂದ ಚೀಟಿ ಬಂತು. ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣ: ಇಲ್ಲ. ನಾನು ಚೀಟಿ ಹಿಡಿದು ವಾರ್ಡಿಗೆ ಹೋದೆ. ಕಾವೇರಮ್ಮ ಬಂದಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಸ್ಟೀಲ್ ಡಬ್ಬಿ ತೆರೆದಿದ್ದರು. ಅದರೊಳಗೆ ಕಡುನೇರಳೆ ಬಣ್ಣದ, ಗಟ್ಟಿಯಾದ ಏನೋ ಇತ್ತು, ಕಾಯಿತುರಿ ಉದುರಿಸಿದ್ದರು.

"ಏನಮ್ಮಾ ಅದು?"

"ಆಟಿ ಪಾಯ್ಸ ಸಿಸ್ಟರ್. ಮಂಗಳ್ವಾರ ಮಾಡಿದ್ದು, ಒಂಚೂರು ಉಳ್ದಿತ್ತು. ಇವ್ರಿಗೆ ಇಷ್ಟ. ನೀವೂ ಒಂದು ಚಮ್ಚ ತಗಳಿ. ನಾಳಿಕ್ಕೆ ನಿಮಗೂ ಕೆಂಪಾಯ್ತದೆ, ಹೆದರ್ಬ್ಯಾಡಿ ಮತ್ತೆ!" ಎಂದು ನಕ್ಕರು.

ಕಾವೇರಮ್ಮನ ತವರು ಕೊಡಗಿನ ಗಡಿಯ ಹತ್ತಿರ. ಆ ಬೆಟ್ಟದ ಸಾಲಿನ ಎಷ್ಟೋ ಮನೆಗಳಲ್ಲಿ ಆಟಿ ಎನ್ನುವ ಮಳೆ ತಿಂಗಳ ಒಂದು ದಿನ, ಕಾಡಂಚಿನಲ್ಲಿ ಬೆಳೆಯುವ ಒಂದು ಸೊಪ್ಪನ್ನು ಕುದಿಸಿ, ಆ ರಸದಲ್ಲಿ ಅಕ್ಕಿ ಬೆಲ್ಲ ಹಾಕಿ ಪಾಯಸ ಮಾಡುತ್ತಾರೆ. ವರ್ಷಕ್ಕೊಮ್ಮೆ, ಆ ದಿನ ಮಾತ್ರ. ತಿಂದವರ ಮೂತ್ರ ಮಾರನೆಯ ದಿನ ಕೆಂಪಗೆ ಹೋಗುತ್ತದೆ. ಅಲ್ಲಿ ಐದು ವರ್ಷದ ಮಗುವಿಗೂ ಇದು ಗೊತ್ತು. ಕೆಂಪಾಗದಿದ್ದರೆ ಪಾಯಸ ಸರಿಯಾಗಲಿಲ್ಲ ಎಂದು ಅಡುಗೆ ಮಾಡಿದವರನ್ನು ಛೇಡಿಸುತ್ತಾರಂತೆ. ನಮ್ಮ ಕುಂದೂರು ಕಡೆ ನಾನು ಇದನ್ನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಒಂದೇ ಜಿಲ್ಲೆ, ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಲೋಕಲ್ ಅಂತೆ, ಲೋಕಲ್!

"ಫೋನಲ್ಲಿ ಯಾಕೆ ಹೇಳಲಿಲ್ಲ ಧರ್ಮಪ್ಪನವರೇ?" ನನ್ನ ದನಿ ಏರಿತ್ತು.

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀವು ಕೇಳಿದ್ದು ಔಷಧಿ. ಇದು ಪಾಯ್ಸ ಅಲ್ವಾ ಮೇಡಂ. ಆಟಿ ಮಾರ್ನೇ ದಿನ ಫೋನ್ ಮಾಡಿ ಕೆಂಪಗೈತಾ ಅಂತ ಕೇಳಿದ್ರಲ್ಲ, ನಿಮಗೆ ಗೊತ್ತಿದ್ದೇ ಕೇಳ್ತಿದೀರಿ ಅಂದ್ಕಂಡೆ. ಮಾತ್ರೆಗೂ ಪಾಯ್ಸಕ್ಕೂ ಆಗಿ ಬತ್ತದಾ ಇಲ್ವಾ ಅಂತ ಪರೀಕ್ಷೆ ಮಾಡ್ತಾರೇನೋ ಅಂತ ಬಂದೆ."

ಡಾಕ್ಟರ್ ನಾಗೇಂದ್ರ ಮಧ್ಯಾಹ್ನ ಬಂದವರೇ ವರದಿ ಹಿಂತೆಗೆಯಲು ಬರೆದರು. ಕಂಪನಿಯ ವೈದ್ಯಾಧಿಕಾರಿ ಮುಂಬೈಯಿಂದ ಸ್ಪೀಕರ್ ಫೋನಿನಲ್ಲಿ ಬಂದರು. ಸಭ್ಯ ಮನುಷ್ಯ, ದನಿ ಒಮ್ಮೆಯೂ ಏರಲಿಲ್ಲ. ರೋಗಿ ಕೆಂಪು ಮೂತ್ರ ಕಂಡಿದ್ದಾನೆ. ಆಸ್ಪತ್ರೆ ಸೇರಿದ್ದಾನೆ. ರಕ್ತ ನಿಲ್ಲಿಸುವ ಇಂಜೆಕ್ಷನ್ ಪಡೆದಿದ್ದಾನೆ. ಲ್ಯಾಬ್ ಸ್ಯಾಂಪಲ್ ತೆಗೆದದ್ದು ಇಂಜೆಕ್ಷನ್ ಆದ ಮೇಲೆ. ಹಾಗಾಗಿ ರಕ್ತ ಬಂದೇ ಇರಲಿಲ್ಲ ಎನ್ನಲು ಪುರಾವೆ ಏನು?

ಡಾಕ್ಟರ್ ಸೊಪ್ಪಿನ ವಿಷಯ ಹೇಳಿದರು. ಆ ಕಡೆ ಕಾಗದ ತಿರುವಿದ ಸದ್ದು. "ಹಾಗಾದರೆ ಪ್ರೋಟೋಕಾಲಿನಲ್ಲಿ ನಿಷೇಧಿಸಿದ ಗಿಡಮೂಲಿಕೆ ಸೇವಿಸಿದ್ದಾನೆ ಎಂದಾಯಿತು. ಅದು ಉಲ್ಲಂಘನೆ. ಅದಕ್ಕೂ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಯಾವ ಕಾರಣ ಬರೆಯಲಿ ಡಾಕ್ಟರ್?"

ಎರಡು ಬಾಗಿಲು, ಎರಡೂ ಹೊರಕ್ಕೆ. ಡಾಕ್ಟರ್ ನಾಗೇಂದ್ರ ಎಂದೂ ಕೂಗಾಡದವರು ಆವತ್ತು ಕೂಗಾಡಿದರು. "ಗಡ್ಡೆ ಅರ್ಧಕ್ಕೆ ಹತ್ತಿರ ಕುಗ್ಗಿದೆ ರೀ, ಆ ಮನುಷ್ಯ ಮಾತಾಡ್ತಿದ್ದಾನೆ!" ಎಂದರು. ರೋಗಿಯ ಸುರಕ್ಷತೆಗಿಂತ ದೊಡ್ಡದಿಲ್ಲ ಎಂದು ಉತ್ತರ ಬಂತು. ನಾವು ಎಥಿಕ್ಸ್ ಕಮಿಟಿಗೆ ಬರೆದೆವು. ರೋಗಿಗಳ ಹಿತ ಕಾಯಲೆಂದೇ ಇರುವ ಸಮಿತಿ ಅದು. 'ಗಮನಿಸಲಾಗಿದೆ' ಎಂದು ಒಂದು ಸಾಲು ಬಂತು. ಮಾತ್ರೆ ನಿಂತಿತು.

ಮಾತ್ರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಇನ್ನೂ ಪರೀಕ್ಷೆಯಲ್ಲಿದ್ದದ್ದು. ಉಳಿದದ್ದನ್ನು ಎಣಿಸಿ ವಾಪಸ್ ಕಳಿಸುವ ಕೆಲಸ ನನ್ನದೇ. ಧರ್ಮಪ್ಪನವರ ಎದುರಿಗೇ ಎಣಿಸಬೇಕು, ಅವರ ಸಹಿ ಬೇಕು. ಸಂಚಿಯ ಸೀಲ್ ಒಡೆದು ಡಬ್ಬಿ ಮಾತ್ರ ತೆಗೆದೆ. ಮೂವತ್ತೆಂಟು ಮಾತ್ರೆ. ಅವರೂ ನನ್ನ ಜೊತೆ ತುಟಿಯಲ್ಲೇ ಎಣಿಸಿದರು.

"ಇವನ್ನೇನು ಮಾಡ್ತೀರಿ ಮೇಡಂ?"

"ಸುಡ್ತಾರೆ."

ಅವರು ಸಹಿ ಹಾಕಿದರು. ಕೆಳಗೆ ತಾರೀಖನ್ನೂ ಬರೆದರು. "ಸುಡಾ ಬದ್ಲು ನಂಗೇ ಕೊಟ್ಬುಟ್ಟಿದ್ರೆ ಆಗ್ತಿತ್ತು" ಎಂದರು. ಜಗಳದ ದನಿಯಲ್ಲ, ಎಸ್ಟೇಟಿನಲ್ಲಿ ಒಳ್ಳೆಯ ಗೊಬ್ಬರ ಪೋಲಾಗುವುದನ್ನು ಕಂಡು ಹೇಳುವ ಹಾಗೆ. ನಾನು ಡಬ್ಬಿ ಎತ್ತಿಕೊಂಡು ಹೊರಗೆ ಬಂದೆ. ಆ ಮೂವತ್ತೆಂಟನ್ನು ಕದ್ದು ಅವರ ಜೇಬಿಗೆ ಹಾಕಬಹುದಿತ್ತಲ್ಲ ಎಂದು ಇವತ್ತಿಗೂ ಅನ್ನಿಸುತ್ತದೆ. ಹಾಕಿದ್ದರೆ ಎರಡು ವಾರ ಬರುತ್ತಿತ್ತೇನೋ. ಆದರೂ ಅನ್ನಿಸುತ್ತದೆ.

ಇಂಜೆಕ್ಷನ್ ಒಂದನ್ನು ಮುಂದುವರಿಸಿದೆವು. ಸೆಪ್ಟೆಂಬರ್ ಸ್ಕ್ಯಾನಿನಲ್ಲಿ ಗಡ್ಡೆ 5.1. ಪಿತ್ತಜನಕಾಂಗದಲ್ಲಿ ಎರಡು ಹೊಸ ಚುಕ್ಕೆ. ಇದಕ್ಕೆ ನಮ್ಮಲ್ಲಿ 'ಪ್ರೊಗ್ರೆಶನ್' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಎಷ್ಟು ಒಳ್ಳೆಯ ಮಾತಿನ ಹಾಗೆ ಕೇಳಿಸುತ್ತದೆ! ಅಲ್ಲಿಗೆ ಅವರು ಟ್ರಯಲ್‌ನಿಂದಲೇ ಹೊರಗೆ. ಹಳೆಯ ಕಿಮೋ ಎರಡು ಸಲ ಕೊಟ್ಟರು, ಮೈ ತಡೆಯಲಿಲ್ಲ. ಅಕ್ಟೋಬರ್ ಹೊತ್ತಿಗೆ ದನಿ ಮತ್ತೆ ಹೋಯಿತು.

ಟ್ರಯಲ್‌ನಿಂದ ಹೊರಗೆ ಹೋದವರಿಗೆ ಬುಧವಾರದ ಫೋನ್ ಇರುವುದಿಲ್ಲ. ಹನ್ನೆರಡು ವಾರಕ್ಕೊಮ್ಮೆ ಒಂದು ಫೋನ್ ಮಾತ್ರ, ಅದರಲ್ಲಿ ಒಂದೇ ಪ್ರಶ್ನೆ: ರೋಗಿ ಜೀವಂತವಾಗಿದ್ದಾರೆಯೇ? ಮನೆಯವರನ್ನು ಕೇಳಿ ಗುರುತು ಹಾಕಬೇಕು. ಡಿಸೆಂಬರ್‌ನಲ್ಲಿ ನಾನು ಕಾವೇರಮ್ಮನ ನಂಬರಿಗೆ ಮಾಡಿದೆ. ಯಾರೋ ಎತ್ತಿದರು, ಬರೀ ಉಸಿರು ಕೇಳಿಸಿತು.

"ಕಾವೇರಮ್ಮಾ, ನಾನು ಆಸ್ಪತ್ರೆಯಿಂದ ವಿಶಾಲಾಕ್ಷಿ. ಧರ್ಮಪ್ಪನವರು..." ಮುಂದೆ ಹೇಗೆ ಕೇಳುವುದೆಂದು ತಡವರಿಸಿದೆ.

"ಇದೀನಿ ಮೇಡಂ" ಎಂದಿತು ಗಾಳಿಯ ದನಿ. "ಬರ್ಕಳಿ."

ಬರೆದುಕೊಂಡೆ. ಜನವರಿಯಲ್ಲಿ, ಹಣ್ಣು ಕೊಯ್ಲು ಇನ್ನೂ ಮುಗಿಯದೆ ಇರುವಾಗ, ಅವರು ತೀರಿಹೋದರು.

ಮಾರನೆಯ ವರ್ಷ ಟ್ರಯಲ್ ಮುಚ್ಚಿತು. ಆ ಜೋಡಿ ಹಳೆಯ ಕಿಮೋಗಿಂತ ಮೇಲು ಎಂದು ಒಟ್ಟಾರೆ ಲೆಕ್ಕದಲ್ಲಿ ಸಾಬೀತಾಗಲಿಲ್ಲ ಎಂದು ನಮಗೆ ಪತ್ರ ಬಂತು. ಕೆಲವರಿಗೆ ಫಲಿಸಿತ್ತು, ಬಹಳ ಜನಕ್ಕೆ ಇಲ್ಲ. ಧರ್ಮಪ್ಪನವರಿಗೆ ಮಾತ್ರೆ ನಿಲ್ಲದೆ ಇದ್ದಿದ್ದರೆ ಇನ್ನೆಷ್ಟು ದಿನ ಸಿಗುತ್ತಿತ್ತು, ಒಂದು ತಿಂಗಳೋ ಒಂದು ವರ್ಷವೋ, ಯಾರೂ ಹೇಳಲಾರರು. ಮಾತ್ರೆ ಇದ್ದರೂ ಗಡ್ಡೆ ಸೆಪ್ಟೆಂಬರಿನಲ್ಲೇ ಬೆಳೆಯುತ್ತಿತ್ತೋ ಏನೋ. "ಹಾಗಂದುಕೊಂಡು ಮಲಗಿಬಿಡಿ" ಎಂದು ಡಾಕ್ಟರ್ ನಾಗೇಂದ್ರ ಹೇಳಿದರು. ಅವರೂ ಮಲಗಿದಂತೆ ಕಾಣಲಿಲ್ಲ.

ಮುಚ್ಚುವಾಗ ಎಲ್ಲ ರೋಗಿಗಳ ಕಾಗದ ಪೆಟ್ಟಿಗೆಗೆ ತುಂಬಿ, ವರ್ಷಗಟ್ಟಲೆ ಇಡುವ ಉಗ್ರಾಣಕ್ಕೆ ಕಳಿಸಬೇಕು. ಏಳನೆಯ ರೋಗಿಯ ಸಂಚಿ ಕೈಗೆ ಬಂತು. ಒಳಗೆ ಡೈರಿ. ಆ ಬುಧವಾರ ಅವರು ಕೊಟ್ಟದ್ದು. ಡಬ್ಬಿ ತೆಗೆದ ಮೇಲೆ ಸಂಚಿಗೆ ಮತ್ತೆ ಸೀಲ್ ಹಾಕಿ ಇಟ್ಟಿದ್ದೆ, ಮಾನಿಟರ್ ಬಂದವರೂ ಮಾತ್ರೆಯ ಸಂಖ್ಯೆ ನೋಡಿ ಹೋಗಿದ್ದರು. ಡೈರಿಯನ್ನು ಯಾರೂ ತೆರೆದಿರಲಿಲ್ಲ. ಪುಟದ ಸಂಖ್ಯೆ ಬರೆದುಕೊಳ್ಳಲು ತೆರೆದೆ. ಕೊನೆಯ ಪುಟ, ಆಗಸ್ಟ್ ಮೊದಲ ವಾರದ ಮಂಗಳವಾರ. ಮಾತ್ರೆ ನುಂಗಿದ ಹೊತ್ತು, ಸಂಖ್ಯೆ, ಸಹಿ. ಷರಾ ಕಾಲಮ್ಮಿನಲ್ಲಿ, ನಾನು ಹೇಳಿದ್ದಕ್ಕೆ ಸಣ್ಣದು ಮಾಡಿದ ಆ ಅಕ್ಷರದಲ್ಲಿ, ಹೀಗೆ ಬರೆದಿತ್ತು:

'ಇಂದು ಆಟಿ. ಸೊಪ್ಪಿನ ಪಾಯಸ ಎರಡು ಬಟ್ಟಲು ತಿಂದಿದ್ದೇನೆ. ನಾಳೆ ಮೂತ್ರ ಕೆಂಪು ಹೋಗುತ್ತದೆ. ರಕ್ತವಲ್ಲ. ಮೇಡಂ ಗಾಬರಿಯಾಗಬಾರದು ಎಂದು ಬರೆದಿದ್ದೇನೆ.'

ನನಗಾಗಿ ಬರೆದಿದ್ದರು. ಹಿಂದಿನ ದಿನವೇ ಬರೆದಿದ್ದರು. ಬಸ್ಸಿನಲ್ಲಿ ಹೊತ್ತು ತಂದು, ನೋಡ್ಕಳಿ ಎಂದು ಹೇಳಿ ನನ್ನ ಕೈಗೇ ಕೊಟ್ಟಿದ್ದರು. ಆ ಪುಟವನ್ನು ಮೂರು ಗಂಟೆಗೆ ಓದಿದ್ದರೆ ಡ್ರಿಪ್ಪು ಹಾಕುತ್ತಿರಲಿಲ್ಲ, ಇಂಜೆಕ್ಷನ್ ಕೊಡಿಸುತ್ತಿರಲಿಲ್ಲ, ಒಂದು ಲೋಟದಲ್ಲಿ ಮೂತ್ರ ಹಿಡಿದು ಲ್ಯಾಬಿಗೆ ಕಳಿಸಿ ಸಂಜೆಯ ಬಸ್ಸಿಗೆ ಮನೆಗೆ ಕಳಿಸುತ್ತಿದ್ದೆ.

ಮೂಲ ಡೈರಿ ಕೊಡುವಂತಿಲ್ಲ. ಕಾಗದದ ಪ್ರತಿಯನ್ನೂ ಹೊರಗೆ ಒಯ್ಯುವಂತಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಮುರಿದ ಒಂದೇ ನಿಯಮ ಅದು. ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಹೆಗ್ಗದ್ದೆಗೆ ಹೋದೆ. ಎಸ್ಟೇಟಿನ ಸ್ಟೋರಿನ ಹಿಂದೆ ರೈಟರ್ ಮನೆ. ಕಾವೇರಮ್ಮ ಕಾಫಿ ಕೊಟ್ಟರು. ನಾನು ಕಾಗದ ಮುಂದಿಟ್ಟು, ಅದರಲ್ಲಿದ್ದದ್ದನ್ನು ಓದಿ, ನಾನು ಓದದೆ ಹೋದದ್ದನ್ನು ಹೇಳಿದೆ. ಕ್ಷಮಿಸಿ ಎಂದೆ. ಹೇಳುವಾಗಲೇ ಅದು ಎಷ್ಟು ಹಗುರ ಮಾತು ಅನ್ನಿಸಿತು.

ಅವರು ಬಹಳ ಹೊತ್ತು ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಆವತ್ತು ಬಸ್ಸಿಗೆ ಹೊರಡಾವಾಗ ನಾನು ಕೇಳ್ದೆ ಸಿಸ್ಟರ್, ಪಾಯ್ಸ ತಿಂದಿದ್ದು ಹೇಳಿದ್ರಾ ಅಂತ" ಎಂದರು. "'ಬರ್ದಿದೀನಿ ಕಣೇ, ಮೇಡಂ ಒಂದಕ್ಷರ ಬಿಡ್ದೆ ಓದ್ತಾರೆ' ಅಂದ್ರು."

ನಾನು ಕಾಫಿ ಮುಗಿಸದೆ ಎದ್ದೆ. ಆ ವರ್ಷವೇ ನಿವೃತ್ತಿ ತೆಗೆದುಕೊಂಡೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರು ಕೆಲವರು ಆಗಾಗ ಸಲಹೆ ಕೇಳಲು ಮನೆಗೆ ಬರುತ್ತಾರೆ. ಪ್ರೋಟೋಕಾಲ್ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳುವುದು ಎರಡೇ ಮಾತು. ಯಾವ ಪ್ರಶ್ನೆ ಕೇಳುವ ಮೊದಲೂ ನಿನ್ನೆ ಮನೆಯಲ್ಲಿ ಏನು ಅಡುಗೆ ಎಂದು ಕೇಳಿ. ರೋಗಿ ಬರೆದುಕೊಟ್ಟದ್ದನ್ನು ಕೊನೆಯ ಕಾಲಮ್ಮಿನ ತನಕ, ಆನೆ ಬೇಲಿ ಮುರಿದದ್ದನ್ನೂ ಸೇರಿಸಿ, ಓದಿ. ಆ ಹುಡುಗಿಯರು ಬರೆದುಕೊಳ್ಳುತ್ತಾರೆ. ಆ ಟ್ರಯಲ್‌ನ ಅಂತಿಮ ಪಟ್ಟಿಯಲ್ಲಿ ಏಳನೆಯ ರೋಗಿಯ ಮುಂದೆ, ಮಾತ್ರೆ ನಿಲ್ಲಿಸಿದ ಕಾರಣ ಎಂಬ ಜಾಗದಲ್ಲಿ, ಇವತ್ತಿಗೂ ರಕ್ತಸ್ರಾವ ಎಂದೇ ಇದೆ. ಅದನ್ನು ಬರೆದ ಕೈ ನನ್ನದು.